ಕೊನೆಯ ಪದವೇ ಯಜಮಾನ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನೋಟ್‌ಬುಕ್ಕಿನ ರಟ್ಟು ನೀಲಿ ಎಂದು ನಾನು ಹೇಳುತ್ತೇನೆ, ಕಂದು ಎಂದು ಅವ್ವ ಹೇಳುತ್ತಾಳೆ. ಆಗ ನಾನು ದಿನಚರಿ ಬರೆಯುತ್ತಿರಲಿಲ್ಲ. ಬರೆಯಲು ಶುರು ಮಾಡಿದ್ದೇ ಈ ಸಂಗತಿ ನಡೆದ ಮೇಲೆ. ಹಾಗಾಗಿ ಅದಕ್ಕೆ ಹಿಂದಿನದೆಲ್ಲ ನೆನಪಿನಿಂದ ತೆಗೆದದ್ದು. ತನಗೆ ಅನ್ಯಾಯವಾಗಿದೆ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ನೆನಪು ಅದಕ್ಕೆ ತಕ್ಕ ಸಾಕ್ಷಿಗಳನ್ನೇ ಹುಡುಕಿ ತರುತ್ತದೆ ಎಂಬುದು ನನಗೆ ಗೊತ್ತಿದೆ. ಅದಕ್ಕೇ ಅಲ್ಲಲ್ಲಿ ಅವ್ವನ ಮಾತನ್ನೂ ಪಕ್ಕದಲ್ಲಿಟ್ಟಿದ್ದೇನೆ. ನಮ್ಮಿಬ್ಬರ ಮಾತು ಕೂಡದ ಕಡೆ ಯಾರದು ಸರಿಯೋ ನಾನು ಹೇಳಲಾರೆ.

ನಮ್ಮದು ಐ.ಡಿ.ಹಳ್ಳಿ ಹೋಬಳಿಯ ಒಂದು ಹಟ್ಟಿ. ಕುರಿ ಸಾಕುವ ಮನೆತನ. ಅಪ್ಪ ವರ್ಷದಲ್ಲಿ ಅರ್ಧ ಕಾಲ ಕುರಿಗಳ ಹಿಂದೆಯೇ ಇರುತ್ತಿದ್ದ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ನಮ್ಮ ಮನೆಯಲ್ಲಿ ಮೊದಲು ಓದಿದವನು. ಪಿಯುಸಿಯಲ್ಲಿ ಎರಡು ಸಲ ಇಂಗ್ಲಿಷಿನಲ್ಲಿ ಫೇಲಾಗಿ, ಕೊನೆಗೆ ಖಾಸಗಿ ಬಸ್ಸೊಂದಕ್ಕೆ ಕಂಡಕ್ಟರ್ ಆದ. ಬಸ್ಸು ಬೆಳಿಗ್ಗೆ ಕೊರಟಗೆರೆ ಬಿಟ್ಟು ಮಧುಗಿರಿ ಹಾದು ಪಾವಗಡಕ್ಕೆ ಹೋಗುತ್ತಿತ್ತು. ವಾರದಲ್ಲಿ ಎರಡು ದಿನ ಶಿರಾ ಕಡೆ. ಫೇಲಾದವರಿಗೆ ಇಂಗ್ಲಿಷ್ ಎಂದರೆ ಸಿಟ್ಟು ಬರುವುದು ಸಹಜ. ಚಿಕ್ಕಪ್ಪನಿಗೆ ಬಂದದ್ದು ಹಟ. ಅಂಗಡಿ ಬೋರ್ಡು, ಔಷಧಿ ಡಬ್ಬ, ಲಾರಿಯ ಹಿಂಭಾಗ, ಕಣ್ಣಿಗೆ ಬಿದ್ದ ಇಂಗ್ಲಿಷನ್ನೆಲ್ಲ ಓದುತ್ತಿದ್ದ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ರಜದಲ್ಲಿ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗತೊಡಗಿದ. ಡ್ರೈವರ್ ಹಿಂದಿನ ಕಿಟಕಿ ಸೀಟು ನನಗೆ. ಮೊದಲ ಪಾಠ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲೇ ಆಯಿತು.

"ಬಸ್‌ಸ್ಟ್ಯಾಂಡು ಅಂದ್ರೆ ಬಸ್ಸಾ, ಸ್ಟ್ಯಾಂಡಾ?"

"ಬಸ್ಸು ನಿಲ್ಲೋ ಜಾಗ."

"ಜಾಗ ತಾನೆ? ಅಂಗಾರೆ ಕೊನೇ ಪದವೇ ಯಜಮಾನ. ಮೊದ್ಲುದು ಅವನ ಗುರ್ತು ಹೇಳೋ ಆಳು. ನಮ್ಮ ಮಾತಲ್ಲೂ ಅಂಗೇ ಅಲ್ವೇನಮ್ಮ? ಕುರಿಹಟ್ಟಿ ಅಂದ್ರೆ ಹಟ್ಟಿ. ಹಟ್ಟಿಕುರಿ ಅಂದ್ರೆ ಕುರಿ."

ಹಿಂದಿನ ಸೀಟಿನ ಅಜ್ಜಿಯೊಬ್ಬಳು ಕೂಗಿದಳು: "ಏ ಕಂಡಟ್ರಪ್ಪ, ರೈಟ್ ಅನ್ನೋದು ಬುಟ್ಟು ಇಲ್ಲೇ ಸಾಲೆ ಇಟ್ಕಂಡ್ಯೇನ್ಲಾ?"

"ರೈಟ್ ಅನ್ನೋದೂ ಇಂಗ್ಲಿಷೇ ಕಣಜ್ಜಿ, ಬಾ, ನಿಂಗೂ ಕಲಿಸ್ತೀನಿ," ಎಂದು ಚಿಕ್ಕಪ್ಪ ಸೀಟಿ ಊದಿದ.

ಆ ವರ್ಷವೇ ಅವನು ನೋಟ್‌ಬುಕ್ ತಂದುಕೊಟ್ಟ. ಇನ್ನೂರು ಪುಟದ್ದು. ಕೊಡುವಾಗ ಎರಡು ಮಾತು ಹೇಳಿದ. ಎರಡು ಪದ ಸೇರಿ ಒಂದಾದ ಇಂಗ್ಲಿಷ್ ಮಾತುಗಳನ್ನು ಮಾತ್ರ ಇದರಲ್ಲಿ ಬರೆಯಬೇಕು, ಅದೂ ಪುಸ್ತಕ ನೋಡಿ ಅಲ್ಲ, ಕಣ್ಣಾರೆ ಕಂಡದ್ದು ಅಥವಾ ಕಿವಿಯಾರೆ ಕೇಳಿದ್ದು. ಎರಡನೆಯ ಮಾತು ನನಗೆ ಅಕ್ಷರಕ್ಷರ ನೆನಪಿದೆ ಎಂದುಕೊಂಡಿದ್ದೇನೆ: "ಇದು ತುಂಬಿದ ದಿನ ನಿನ್ನ ತುಮಕೂರಿನ ಕಾಲೇಜಿಗೆ ನಾನೇ ಕರ್ಕಂಡೋಗಿ ಸೇರಿಸ್ತೀನಿ."

ಆರು ವರ್ಷ ನಾನು ಆ ಮಾತನ್ನು ಹಿಡಿದುಕೊಂಡು ಬರೆದೆ. ಹೈಸ್ಕೂಲು, ಪಿಯುಸಿ ಎರಡನ್ನೂ ಮಧುಗಿರಿಯಲ್ಲಿ ನೆಂಟರ ಮನೆಯಲ್ಲಿದ್ದು ಓದಿದೆ. ಪೋಸ್ಟ್ ಆಫೀಸು, ರಬ್ಬರ್ ಸ್ಟಾಂಪು, ಬ್ಲ್ಯಾಕ್‌ಬೋರ್ಡು ಅಲ್ಲಿಯವು. ಲೌಡ್‌ಸ್ಪೀಕರ್ ಸಿಕ್ಕಿದ್ದು ಕೊರಟಗೆರೆಯ ಒಂದು ಮದುವೆ ಚಪ್ಪರದಲ್ಲಿ. ಶಿರಾದ ಪಂಕ್ಚರ್ ಅಂಗಡಿಯ ಸಾಹೇಬರು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, "ದೇಖೋ ಬೇಟಿ, ಇದು ಮಡ್‌ಗಾರ್ಡು," ಎಂದರು. ನಾನು ಬರೆದುಕೊಂಡೆ. ಚಿಕ್ಕಪ್ಪ ಅದರ ಪಕ್ಕದಲ್ಲಿ ಬಾಡಿಗಾರ್ಡ್ ಎಂದು ಬರೆಯಿಸಿ ಕೇಳಿದ: "ಬಾಡಿಗಾರ್ಡು ಬಾಡೀನ ಕಾಯ್ತಾನೆ. ಮಡ್‌ಗಾರ್ಡು ಮಡ್ಡನ್ನ ಕಾಯ್ತದಾ?"

"ಇಲ್ಲ. ಕೆಸರು ಸಿಡೀದಂಗೆ ತಡೀತದೆ."

"ನೋಡ್ದಾ? ಎರಡು ಪದ ಪಕ್ಕಪಕ್ಕ ಕುಂಡ್ರಿಸ್ತಾರೆ, ಅವುಕ್ಕೆ ಏನು ಸಂಬಂಧ ಅಂತ ಬಾಯ್ಬುಡಾಕಿಲ್ಲ. ನಾವೇ ತಿಳ್ಕಬೇಕು."

ಕೆಲವು ಜೋಡಿಗಳನ್ನು ಬಿಡಿಯಾಗಿ ಬರೆಯುತ್ತಾರೆ, ಕೆಲವಕ್ಕೆ ನಡುವೆ ಗೆರೆ ಎಳೆಯುತ್ತಾರೆ, ಕೆಲವನ್ನು ಒಂದೇ ಪದವಾಗಿ ಬೆಸೆದುಬಿಡುತ್ತಾರೆ. ಯಾಕೆ ಎಂದು ಕೇಳಿದಾಗ ಅವನು ಕುರಿ ಲೆಕ್ಕದಲ್ಲೇ ಹೇಳಿದ. ಎರಡು ಮನೆಯ ಮಂದೆ ಒಂದೇ ಹೊಲದಲ್ಲಿ ತಂಗಿದರೆ ಮೊದಮೊದಲು ದೂರ ದೂರ ನಿಲ್ಲುತ್ತವೆ. ಆಮೇಲೆ ನಡುವೆ ಒಂದು ತಡಿಕೆ ಇಟ್ಟರೆ ಸಾಕು. ವರ್ಷಗಟ್ಟಲೆ ಜೊತೆಗೆ ಮೇಯ್ದ ಮೇಲೆ ತಡಿಕೆಯೂ ಬೇಡ. ಅವನ ಹಳೇ ಪಠ್ಯದಲ್ಲಿ ಟುಡೇ ಎಂಬ ಪದದ ನಡುವೆ ಇನ್ನೂ ಗೆರೆ ಇತ್ತು. ನನ್ನ ಪುಸ್ತಕದಲ್ಲಿ ಅದಿರಲಿಲ್ಲ. "ನೋಡು, ನಮ್ಮ ಕಾಲದಿಂದ ನಿಮ್ಮ ಕಾಲಕ್ಕೆ ತಡಿಕೆ ಕಿತ್ತಾಕವ್ರೆ," ಎಂದು ನಕ್ಕ.

ಪಿಕ್‌ಪಾಕೆಟ್ ಬಂದಾಗ ಅವನ ನಿಯಮವೇ ಮುರಿಯಿತು. ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಜೇಬುಗಳ್ಳರಿದ್ದಾರೆ ಎಂದು ಎರಡೂ ಭಾಷೆಯಲ್ಲಿ ಬರೆದಿದ್ದರು. ಕೊನೆಯ ಪದ ಜೇಬು, ಆದರೆ ಮಾತು ಜೇಬಿನದಲ್ಲ, ಕಳ್ಳನದು. ಚಿಕ್ಕಪ್ಪ ಒಂದು ಟ್ರಿಪ್ ಪೂರ್ತಿ ಯೋಚಿಸಿದ. ಮಧುಗಿರಿಗೆ ವಾಪಸು ಬರುವಾಗ ನನ್ನ ಸೀಟಿನ ಕಂಬಿ ಹಿಡಿದು ಬಗ್ಗಿ ಹೇಳಿದ: "ಗೊತ್ತಾಯ್ತು ಕಣೇ. ಇದ್ರಲ್ಲಿ ಯಜಮಾನ ಮನೇಲೇ ಇಲ್ಲ. ಹೊರಗೆಲ್ಲೋ ಹೋಗವ್ನೆ. ಮುಕ್ಕಣ್ಣ ಅಂದ್ರೆ ಕಣ್ಣಲ್ವಲ್ಲ, ಶಿವ. ಅಂಗೆ." ಅವನ ಮುಖದಲ್ಲಿ ಆಗ ಕಂಡ ಖುಷಿಯನ್ನು ನಾನು ಆಮೇಲೆ ಸೇರಿಸಿಕೊಂಡಿಲ್ಲ ಎಂದು ನಂಬುತ್ತೇನೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನೊಂದು ಕಳ್ಳತನ ಮಾಡಿದೆ. ಕುರಿಗಳು ಊರೂರು ಹೋಗುವಾಗ ದಾರಿಯಲ್ಲಿ ಹುಟ್ಟಿದ ಮರಿಗಳಿಗೆ ಅಷ್ಟು ದೂರ ನಡೆಯಲು ಆಗುವುದಿಲ್ಲ. ಅವನ್ನು ಅಪ್ಪ ಹೆಗಲ ಮೇಲೆ ಹಾಕಿಕೊಂಡು ಬರುತ್ತಾನೆ. ಆ ಮರಿಗೆ ನಮ್ಮ ಮನೆಯಲ್ಲಿ ಬೇರೆ ಹೆಸರೇನೂ ಇರಲಿಲ್ಲ. ಇಂಗ್ಲಿಷಿನಲ್ಲಿ ಇಟ್ಟರೆ ಏನಾಗುತ್ತದೆ ಎಂದು ಯೋಚಿಸಿದೆ. ಕೊನೆಯ ಪದ ಯಜಮಾನ, ಅಂದರೆ ಮರಿ. ಮೊದಲಿನದು ಗುರುತು, ಅಂದರೆ ಹೆಗಲು. ನಡುವೆ ತಡಿಕೆ, ಯಾಕೆಂದರೆ ಜೋಡಿ ಹೊಸದು. ಷೋಲ್ಡರ್-ಲ್ಯಾಂಬ್ ಎಂದು ಬರೆದೆ. ಯಾವ ಬೋರ್ಡಿನಲ್ಲೂ ಕಾಣದ, ಯಾರ ಬಾಯಲ್ಲೂ ಕೇಳದ ಪದ. ನಿಯಮ ಮುರಿದಿದ್ದೆನಲ್ಲ, ಚಿಕ್ಕಪ್ಪನಿಗೆ ಹೇಳಲಿಲ್ಲ. ಆದರೆ ಬೇರೆಯವರ ಭಾಷೆಯ ಕೀಲು ನನ್ನ ಕೈಗೆ ಸಿಕ್ಕಿದೆ ಎಂದು ನನಗೆ ಅನ್ನಿಸಿದ್ದು ಅದೊಂದು ಪದದಿಂದಲೇ. ಕಾಲೇಜಿಗೆ ಹೋದರೆ ಇಂಗ್ಲಿಷನ್ನೇ ಓದಬೇಕು ಎಂದು ಅವತ್ತು ನಿರ್ಧಾರ ಮಾಡಿಕೊಂಡೆ.

ಪಿಯುಸಿ ಪಾಸಾಯಿತು. ತುಮಕೂರಿನಲ್ಲಿ ಬಿ.ಎ. ಓದಬೇಕಾದರೆ ಹುಡುಗಿಯರ ಹಾಸ್ಟೆಲಿನಲ್ಲಿ ಸೀಟು ಸಿಗಬೇಕು, ಅದಿಲ್ಲದೆ ಅಪ್ಪ ಕಳಿಸುವುದಿಲ್ಲ. ಅರ್ಜಿಯನ್ನು ಚಿಕ್ಕಪ್ಪನೇ ತರಿಸಿಕೊಟ್ಟ, ನಾನು ತುಂಬಿದೆ.

"ನೋಟ್‌ಬುಕ್ಕೂ ಕೊಡು," ಎಂದ. "ಅರ್ಜಿ ಜೊತೆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸ್ತೀನಿ. ಕುರಿಹಟ್ಟಿ ಹುಡುಗಿ ಇಷ್ಟು ಮಾಡವ್ಳೆ ಅಂದ್ರೆ ಸೀಟಿಲ್ಲ ಅನ್ನಾಕಿಲ್ಲ."

ಎರಡನ್ನೂ ಕೊಟ್ಟೆ. ಆಮೇಲೆ ಅವನು ಹಟ್ಟಿಗೆ ಬಂದಾಗಲೆಲ್ಲ ನನ್ನದು ಒಂದೇ ಮಾತು: "ಆಯ್ತಾ ಚಿಕ್ಕಪ್ಪ?"

"ಆಯ್ತದೆ ಕಣಮ್ಮ. ದೊಡ್ಡೋರ ಕೆಲ್ಸ, ನಿಧಾನ."

ಅರ್ಜಿಗೆ ಕೊನೆಯ ದಿನ ಯಾವುದೆಂದು ನನಗೆ ಗೊತ್ತಿತ್ತು. ಆ ದಿನ ಬಂತು, ಹೋಯಿತು. ಅರ್ಜಿ ತುಮಕೂರು ಸೇರಿದೆ ಎಂದು ನಾನು ನೆಮ್ಮದಿಯಾಗಿದ್ದೆ.

ಅದಾಗಿ ವಾರಕ್ಕೆ, ಬೆಳಗಿನ ಹೊತ್ತು, ಅವ್ವ ತನ್ನ ಒಂದೇ ಒಳ್ಳೆಯ ಸೀರೆ ತೆಗೆದು ನನಗೆ ಉಡಿಸಿದಳು. ಪಾವಗಡದ ಆಚೆ, ನಿಡುಗಲ್ ಕಡೆಯಿಂದ ಹೆಣ್ಣು ನೋಡಲು ಬರುತ್ತಾರೆ ಎಂದಳು. "ಬಂದು ನೋಡ್ಕಂಡೋಗ್ಲಿ ಬುಡು, ನೋಡಿದ್ರೆ ಸವೀತೀಯಾ?" ಎಂದು ಜಡೆ ಬಿಗಿದಳು. ನಾನೂ ಹಾಗೇ ಅಂದುಕೊಂಡೆ. ಸೀಟು ಸಿಕ್ಕರೆ ಎಲ್ಲ ತಾನಾಗಿ ನಿಲ್ಲುತ್ತದೆ.

ಮೂರು ಜನ ಬಂದರು: ಹುಡುಗ, ಅವನ ಅಪ್ಪ, ಅವನ ಸೋದರತ್ತೆ. ಹುಡುಗ ಪ್ರೈಮರಿ ಶಾಲೆ ಮೇಷ್ಟ್ರು, ತುಂಬ ಸಂಕೋಚದವನು. ಮಾತೆಲ್ಲ ಅತ್ತೆಯದೇ. ಅರ್ಧ ತೆಲುಗು, ಅರ್ಧ ಕನ್ನಡ.

"ದಾ ಅಮ್ಮಾ, ಕೂಚೋ. ಹಾಡು ಗೀಡು ನಮಗೆ ಬ್ಯಾಡ. ಮಾ ಅಬ್ಬಾಯಿಕಿ, ನಮ್ಮ ಹುಡುಗನಿಗೆ, ಇಂಗ್ಲಿಷ್ ಅಂಟೇ ಪ್ರಾಣಂ. ಅವನೇ ಕೇಳ್ತಾನೆ, ಚೆಪ್ಪು."

ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹಾಡಿಸುವುದುಂಟು, ನಡೆಸಿ ನೋಡುವುದುಂಟು. ಇಂಗ್ಲಿಷ್ ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ಇಣುಕುತ್ತಿದ್ದ ಅಕ್ಕಪಕ್ಕದ ಹೆಂಗಸರು ಒಬ್ಬರ ಮೈಮೇಲೊಬ್ಬರು ಬಿದ್ದರು. ಹುಡುಗ ಜೇಬಿನಿಂದ ಒಂದು ಚೀಟಿ ತೆಗೆದ.

"ಮಡ್‌ಗಾರ್ಡ್," ಎಂದ.

ಹೇಳಿದೆ. ಬಾಡಿಗಾರ್ಡ್ ಜೊತೆಗಿಟ್ಟು ವ್ಯತ್ಯಾಸವನ್ನೂ ಹೇಳಿದೆ.

"ಪಿಕ್‌ಪಾಕೆಟ್."

ಯಜಮಾನ ಮನೆಯಲ್ಲಿಲ್ಲದ ಪದ ಎಂದೆ. ಹುಡುಗನ ಅಪ್ಪ ತೊಡೆ ತಟ್ಟಿಕೊಂಡು ನಕ್ಕ: "ಯಜಮಾನ ಇಲ್ಲದ ಮನೆಗೇ ಕಳ್ಳ ಬರೋದು!" ಎಲ್ಲರೂ ನಕ್ಕರು. ಸುಳ್ಳು ಹೇಳಬಾರದು, ನನಗೂ ಹಿತವಾಗಿತ್ತು. ಚಿಕ್ಕಪ್ಪ ನನ್ನ ಬಗ್ಗೆ ಎಲ್ಲೋ ಜಂಬ ಕೊಚ್ಚಿಕೊಂಡಿರಬೇಕು ಎಂದುಕೊಂಡೆ. ಮೂರನೆಯದಕ್ಕೆ ಹುಡುಗ ಗಂಟಲು ಸರಿಮಾಡಿಕೊಂಡ.

"ಷೋಲ್ಡರ್-ಲ್ಯಾಂಬ್. ಇದೊಂದು ನನಗೆ ಡಿಕ್ಷನರಿಯಲ್ಲೂ ಸಿಗಲಿಲ್ಲ."

ಈ ಪದ ನನ್ನನ್ನು ಬಿಟ್ಟು ಪ್ರಪಂಚದಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಇದ್ದದ್ದು ಒಂದೇ ಕಡೆ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ. ನೋಟ್‌ಬುಕ್ ಇರಬೇಕಾದದ್ದು ತುಮಕೂರಿನಲ್ಲಿ.

ಕಂಬಕ್ಕೆ ಒರಗಿ ನಿಂತಿದ್ದ ಚಿಕ್ಕಪ್ಪನ ಕಡೆ ನೋಡಿದೆ. ಅವನಿಗೆ ಏನೂ ಅರ್ಥವಾಗಿರಲಿಲ್ಲ. ಅದೂ ಎಲ್ಲೋ ಬೋರ್ಡಿನಲ್ಲಿ ಸಿಕ್ಕ ಪದವೇ ಎಂದುಕೊಂಡಿದ್ದ. ಹುರಿದುಂಬಿಸುವವನ ಹಾಗೆ ತಲೆ ಆಡಿಸಿ, "ಹೇಳು ಮಗಾ, ನಿಂಗೆ ಗೊತ್ತಿಲ್ದೇ ಇರೋದಾ?" ಎಂದ.

ಮುಂದೆ ನಡೆದದ್ದರಲ್ಲಿ ನನ್ನ ನೆನಪೂ ಅವ್ವನ ನೆನಪೂ ಕೂಡುವುದಿಲ್ಲ. ನನ್ನ ನೆನಪಿನಲ್ಲಿ ನಾನು ಎದ್ದು ನಿಂತು, "ಅದು ಇಂಗ್ಲಿಷಿನಲ್ಲಿ ಇಲ್ಲ. ನಾನೇ ಮಾಡಿದ್ದು. ನನ್ನ ಪುಸ್ತಕ ನಿಮ್ಮ ಹತ್ರ ಹೆಂಗೆ ಬಂತು?" ಎಂದು ಸ್ಪಷ್ಟವಾಗಿ ಕೇಳುತ್ತೇನೆ. ಅವ್ವನ ಪ್ರಕಾರ ನಾನು ಏನೂ ಮಾತಾಡಲಿಲ್ಲ. ಸುಮ್ಮನೆ ಆ ಹುಡುಗನ ಮುಂದೆ ಕೈ ಚಾಚಿದೆನಂತೆ, ಕೊಟ್ಟದ್ದನ್ನು ವಾಪಸು ಕೇಳುವವರ ಹಾಗೆ. ಅವ್ವನ ಮಾತು ನಿಜವಿರಬಹುದು. ಅಷ್ಟು ಜನರ ಮುಂದೆ ಬಾಯಿ ತೆರೆಯುವ ಧೈರ್ಯ ನನಗೆ ಆಗಿತ್ತೇ? ಕೇಳಬೇಕಾಗಿದ್ದ ಮಾತನ್ನು ಕೇಳಿದೆ ಎಂದೇ ಎಷ್ಟೋ ವರ್ಷ ಹೇಳಿಕೊಂಡು ಅದನ್ನು ನೆನಪು ಮಾಡಿಕೊಂಡಿದ್ದೇನೋ.

ಹುಡುಗ ತನ್ನ ಬಟ್ಟೆಚೀಲದಿಂದ ನೋಟ್‌ಬುಕ್ ತೆಗೆದು ಎರಡು ಕೈಯಲ್ಲಿ ಕೊಟ್ಟ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. "ಚೆನ್ನಾಗಿದೆ," ಎಂದ. ಪಾಪ, ಅವನದೇನೂ ತಪ್ಪಿರಲಿಲ್ಲ. ಡಿಕ್ಷನರಿಯಲ್ಲಿ ಸಿಗದ ಆ ಪದವಿದ್ದ ಕೊನೆಯ ಪುಟದಲ್ಲಿ ಗುರುತಿಗೆ ಒಂದು ಕಾಗದ ಮಡಿಸಿ ಇಟ್ಟಿದ್ದ. ಬಿಡಿಸಿದೆ. ನನ್ನದೇ ಅಕ್ಷರ. ಹಾಸ್ಟೆಲ್ ಅರ್ಜಿ.

ಅವರು ಹೋದ ಮೇಲೆ ಚಿಕ್ಕಪ್ಪನನ್ನು ಹಟ್ಟಿಯ ಹಿಂದಿನ ರೊಪ್ಪದಲ್ಲಿ ಹಿಡಿದೆ. ಕುರಿಗಳು ಮೇಯಲು ಹೋಗಿದ್ದವು, ದೊಡ್ಡಿ ಖಾಲಿ.

"ತುಮಕೂರಿಗೆ ಕೊಟ್ಟೆ ಅಂದ್ಯಲ್ಲ ಚಿಕ್ಕಪ್ಪ?"

"ಕೊಡ್ತೀನಿ ಅಂದೆ. ಕೊಟ್ಟೆ ಅಂದ್ನಾ?"

"ಆಯ್ತದೆ ಅಂದೆ."

"ಆಯ್ತದೆ ಅಂದೆ. ಆಯ್ತು ಅಂದ್ನಾ?" ಅವನಿಗೂ ಸಿಟ್ಟು ಬಂದಿತ್ತು. "ನಿನ್ನ ಓದ್ಬ್ಯಾಡ ಅಂದೋರ್ಯಾರು? ಮೇಷ್ಟ್ರ ಮನೆ ಕಣಮ್ಮ ಅದು. ಲಗ್ನ ಆದ್ಮ್ಯಾಲೆ ಓದಿಸ್ತೀವಿ ಅಂತ ಅವರೇ ಒಪ್ಕಂಡವ್ರೆ. ಹಾಸ್ಟೆಲು ಸೇರ್ಕಂಡು ಮೂರು ವರ್ಷ ಆಚೆ ಹೋದ್ರೆ, ಬಂದ ಮ್ಯಾಲೆ ನಿನ್ನಷ್ಟು ಓದ್ದೋನು ನಮ್ಮೋರಲ್ಲಿ ಎಲ್ಲಿ ಸಿಕ್ತಾನೆ? ನಿನ್ನ ಇಂಗ್ಲಿಷು ಗೊತ್ತಾಗೋ ಅಂಥ ಒಬ್ಬನ ಮನೆ ಸೇರ್ಲಿ ಅಂತ ನೋಡ್ದೆ. ಅದು ತಪ್ಪಾ?"

ನಾನು ಅಳುತ್ತಿದ್ದೆ. ಅವನೂ ಅಳುತ್ತಿದ್ದ ಎಂದು ಒಂದು ನೆನಪಿದೆ, ಅದನ್ನು ಮಾತ್ರ ನಾನು ನೆಚ್ಚುವುದಿಲ್ಲ. ಆ ಹೊತ್ತಿಗೆ ನನಗೆ ಕಾಣುತ್ತಿದ್ದದ್ದು ಒಂದೇ. ಆರು ವರ್ಷ ನಾನು ಊರಿನಿಂದ ಆಚೆ ಹೋಗುವ ದಾರಿ ಎಂದು ಕೂಡಿಸಿಟ್ಟದ್ದನ್ನು ಅವನು ಹೆಣ್ಣಿನ ಜೊತೆ ತೋರಿಸುವ ಕಸೂತಿಯ ಹಾಗೆ ತೆಗೆದುಕೊಂಡು ಹೋಗಿ ತೋರಿಸಿದ್ದ. ಅಪ್ಪ ಬೇಡ ಎಂದಿದ್ದರೆ ಜಗಳ ಆಡುತ್ತಿದ್ದೆ. ಚಿಕ್ಕಪ್ಪನ ಕಡೆ ನಾನು ಕಾವಲೇ ಹಾಕಿರಲಿಲ್ಲ.

ನಿಡುಗಲ್ ಕಡೆಯವರು "ಹುಡುಗಿ ಜೋರು" ಎಂದು ಹೇಳಿಕಳಿಸಿದರು. ಸಂಬಂಧ ಮುರಿಯಿತು. ಹಾಸ್ಟೆಲಿನ ದಿನವೂ ಮೀರಿತ್ತು. ಒಂದು ವರ್ಷ ಹಟ್ಟಿಯಲ್ಲೇ ಇದ್ದೆ. ಉಣ್ಣೆ ಹಿಂಜಿದೆ, ಮರಿ ಕಾಯ್ದೆ. ಇಂಗ್ಲಿಷಿನ ಒಂದು ಅಕ್ಷರವನ್ನೂ ಓದಲಿಲ್ಲ. ಚಿಕ್ಕಪ್ಪ ಮಾತ್ರ ಮೊದಲಿನ ಹಾಗೇ ಇದ್ದ. ಬಂದಾಗ ಬಾಗಿಲಲ್ಲೇ, "ಹೊಸ ಪದ ಸಿಕ್ತು ಕಣೇ," ಎನ್ನುತ್ತಿದ್ದ. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಮುಂದಿನ ವರ್ಷ ಹಾಸ್ಟೆಲಿಗೆ ಅರ್ಜಿ ಹಾಕಿಸಿ ನನ್ನನ್ನು ತುಮಕೂರಿನ ಕಾಲೇಜಿಗೆ ಸೇರಿಸಿದವಳು ಅವ್ವ. ಮಧುಗಿರಿ ದಾಟಿ ಆಚೆ ಹೋದವಳೇ ಅಲ್ಲ ಅವಳು. ಯಾಕೆ ಮನಸ್ಸು ಮಾಡಿದಳೋ, ಕೇಳಿದರೆ, "ಮನೇಲಿ ಮುಖ ಊದಿಸ್ಕಂಡು ಕುಂತಿದ್ದೆ, ನೋಡಾಕಾಗ್ದೆ ಕರ್ಕಂಡೋದೆ," ಎನ್ನುತ್ತಾಳೆ. ಮಧುಗಿರಿಯಲ್ಲಿ ಚಿಕ್ಕಪ್ಪನ ಬಸ್ಸು ನಿಂತಿತ್ತು. ಅವ್ವ ಅದನ್ನು ನೋಡಿ, ನನ್ನ ಮುಖ ನೋಡಿ, ಬೇರೆ ಬಸ್ಸು ಬರುವತನಕ ಬಿಸಿಲಲ್ಲಿ ನಿಂತಳು. ಪೋಷಕರ ಸಹಿ ಎಂದಿದ್ದ ಕಡೆ ಅವಳ ಹೆಬ್ಬೆಟ್ಟು ಬಿತ್ತು.

ಬಿ.ಎ. ಆಯಿತು. ಎಂ.ಎ.ಗೆ ಮೈಸೂರಿಗೆ ಹೋದೆ. ಅಲ್ಲೊಂದು ಮಧ್ಯಾಹ್ನ ಭಾಷಾಶಾಸ್ತ್ರದ ತರಗತಿಯಲ್ಲಿ ಪ್ರೊಫೆಸರು ಸಮಾಸಪದಗಳನ್ನು ಶುರು ಮಾಡಿದರು. ಕೊನೆಯ ಪದವೇ ಮುಖ್ಯ, ಮೊದಲಿನದು ಅದನ್ನು ಗುರುತಿಸುತ್ತದೆ ಎಂದರು. ಎರಡರ ನಡುವಿನ ಸಂಬಂಧವನ್ನು ಪದವೇ ಹೇಳುವುದಿಲ್ಲ, ಕೇಳುವವರು ಊಹಿಸಬೇಕು ಎಂದರು. ಇನ್ನು ಕೆಲವಕ್ಕೆ ಮುಖ್ಯಪದ ಹೊರಗಿರುತ್ತದೆ ಎಂದು ಬೋರ್ಡಿನ ಮೇಲೆ ಪಿಕ್‌ಪಾಕೆಟ್ ಎಂದೇ ಬರೆದರು. ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಎತ್ತಲಿಲ್ಲ. ಎರಡು ಸಲ ಫೇಲಾದ ಕಂಡಕ್ಟರೊಬ್ಬ ಶಿರಾದಿಂದ ಮಧುಗಿರಿಗೆ ಬರುವುದರೊಳಗೆ ತಾನೇ ಯೋಚಿಸಿ ಕಂಡುಕೊಂಡದ್ದು ಅದು. ಒಂದೇ ಒಂದನ್ನು ಪ್ರೊಫೆಸರು ಹೊಸದಾಗಿ ಹೇಳಿದರು: ಇಂಗ್ಲಿಷರು ಹಲವು ಜೋಡಿಪದಗಳನ್ನು ಉಚ್ಚರಿಸುವಾಗ ಒತ್ತು ಮೊದಲ ಪದದ ಮೇಲೆ ಬೀಳುತ್ತದೆ. ಬ್ಲ್ಯಾಕ್‌ಬೋರ್ಡ್ ಎನ್ನುವಾಗ ಬ್ಲ್ಯಾಕ್ ಜೋರು. ಬರೀ ಕಪ್ಪು ಹಲಗೆಯಾದರೆ ಹಾಗಲ್ಲ. ಇದನ್ನು ಚಿಕ್ಕಪ್ಪನಿಗೆ ಹೇಳಬೇಕು ಎಂದು ಮೊದಲು ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಮೋಸ ಮಾಡಿದವನ ಪಾಠವೂ ತಪ್ಪಾಗಿದ್ದಿದ್ದರೆ ಎಷ್ಟು ಸುಲಭವಿತ್ತು.

ಎಂಬತ್ತರ ದಶಕದ ಒಂದು ಬೇಸಿಗೆ ರಜದಲ್ಲಿ ಹಟ್ಟಿಗೆ ಬಂದಿದ್ದೆ. ಅವ್ವ ರಾಗಿ ಕೇರುತ್ತಿದ್ದಳು. ಮಾತು ಎಲ್ಲಿಂದಲೋ ಆ ನಿಡುಗಲ್ ಕಡೆಯವರ ಮೇಲೆ ಬಂತು.

"ಅವ್ರಿಗೂ ಆಸೆ ಇತ್ತು ಕಣೇ, ಪಾಪ. ಎಷ್ಟೊರ್ಸದಿಂದ ಕಾಯ್ತಿದ್ರು."

"ಎಷ್ಟು ವರ್ಷದಿಂದ?"

"ನೀನು ಏಳನೇ ಕ್ಲಾಸಾಗಿದ್ದಾಗ್ಲೇ ಕೇಳಿದ್ರಲ್ಲ. ಪಾವಗಡದ ತಾವ ನಿಮ್ಮ ಚಿಕ್ಕಪ್ಪನ ಬಸ್ಸು ಕೆಟ್ಟು ನಿಂತಿತ್ತಂತೆ. ಆ ಹುಡುಗನ ಅಪ್ಪ ಅದ್ರಾಗಿದ್ನಂತೆ. ನಮ್ಮ ಹುಡುಗ ಓದ್ತಾವ್ನೆ, ನಿಮ್ಮೋರಲ್ಲಿ ಇಂಗ್ಲಿಷ್ ಕಲಿಯೋ ಹೆಣ್ಣಿದ್ರೆ ಹೇಳಪ್ಪ ಅಂದ್ನಂತೆ."

"ನೋಟ್‌ಬುಕ್ ತಂದುಕೊಟ್ಟ ವರ್ಷವೇ ಅದು. ಅದಕ್ಕೆ ಮೊದಲಾ, ಆಮೇಲಾ?"

ಅವ್ವ ಮೊರ ನಿಲ್ಲಿಸಿ ಯೋಚಿಸಿದಳು. "ಮಳೆಗಾಲಕ್ಕೆ ಮುಂಚೇನೋ, ಆದ್ಮ್ಯಾಲೋ. ನಂಗೆಂಗೆ ಗ್ಯಾಪ್ನ ಇರ್ತದೆ? ನೀನೇ ಓದ್ದೋಳು."

ಅಲ್ಲಿಯವರೆಗೆ ನನಗಿದ್ದದ್ದು ಒಂದು ತಿಂಗಳ ಮೋಸ. ಚಿಕ್ಕಪ್ಪ ನಿಜವಾಗಿ ಕಲಿಸಿದ, ಕೊನೆಯಲ್ಲಿ ಹೆದರಿ ಕೈಕೊಟ್ಟ. ಅದನ್ನು ಹೇಗೋ ನುಂಗಿಕೊಂಡು ಬದುಕಿದ್ದೆ. ಮೊದಲೇ ಕೇಳಿದ್ದರು ಎಂದಾದರೆ ಕಿಟಕಿಯ ಸೀಟು, ಮಡ್‌ಗಾರ್ಡು, ಸೀಟಿನ ಕಂಬಿ ಹಿಡಿದು ಬಗ್ಗಿ ಹೇಳಿದ ಮಾತು, ಆ ಆರು ವರ್ಷ ಯಾವುದೂ ನನ್ನದಾಗಿ ಉಳಿಯುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮಧುಗಿರಿಗೆ ಹೋದೆ. ಅವನ ಬಸ್ಸು ಪಾವಗಡಕ್ಕೆ ಹೊರಡಲು ನಿಂತಿತ್ತು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಕಂಡವನೇ ಕಿಟಕಿ ಹತ್ತಿರ ಕುಳಿತಿದ್ದವರನ್ನು, "ಒಸಿ ಸರ್ಕಳಿ ಸ್ವಾಮಿ, ನಮ್ಮ ಹುಡುಗಿ ಎಂ.ಎ.," ಎಂದು ಎಬ್ಬಿಸತೊಡಗಿದ. ಕೂರುವುದಿಲ್ಲ ಎಂದೆ. ಬಾಗಿಲ ಹತ್ತಿರ ನಿಂತೇ ಕೇಳಿದೆ. ಅವನು ಒಳಗಿದ್ದ ಜನರನ್ನು ನೋಡಿದ, ಸೀಟಿಯನ್ನು ಬಾಯಿಗಿಟ್ಟು ಊದಿದ. ಬಸ್ಸು ಹೊರಟಿತು. ಆಮೇಲೆ ಕಾಗದ ಬರೆದು ಕೇಳಿದೆ. ಮಳೆ, ಕುರಿ, ಅವ್ವನ ಮಂಡಿನೋವು ಎಲ್ಲ ವಿವರವಾಗಿ ಬರೆದು ಉತ್ತರ ಹಾಕಿದ. ಅದೊಂದನ್ನು ಬರೆಯಲಿಲ್ಲ. ಅವನಿಗೂ ಈಗ ನೆನಪಿಲ್ಲವೋ, ನೆನಪಿದ್ದು ಹೇಳುತ್ತಿಲ್ಲವೋ, ನನಗೆ ತಿಳಿಯದು. ಅವತ್ತು ಬಸ್ಸಿನ ಬಾಗಿಲಲ್ಲಿ ನಾನು ಕೇಳಿದ್ದು ಇಷ್ಟೇ:

"ಚಿಕ್ಕಪ್ಪ, ನಿಜ ಹೇಳು. ನೀನು ನಂಗೆ ಕಲಿಸಾಕೆ ಶುರು ಮಾಡ್ದಾಗ, ಅವ್ರು ಆಗ್ಲೇ ಬಂದು ಕೇಳಿದ್ರಾ, ಇನ್ನೂ ಕೇಳಿರ್ಲಿಲ್ವಾ?"